ಬಿ.ಆರ್ಕ್ ಓದ್ಬೇಕಾ? ಆ 5 ವರ್ಷದಲ್ಲಿ ನಿಜಕ್ಕೂ ಏನು ಕಲಿಸ್ತಾರೆ?

ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಕೇಳೋಕೆ ಪುರುಸೊತ್ತಿಲ್ಲದವರು ಓದ್ಕೊಳ್ಳಿ.

ಸೆಕೆಂಡ್ ಪಿಯುಸಿ ಮುಗಿಸಿ ಮುಂದೇನು ಅಂತ ಯೋಚಿಸ್ತಿರೋರಿಗೆ, ಅವರ ಜೊತೆ ಕೂತು ತಲೆ ಕೆಡಿಸ್ಕೊಂಡಿರೋ ಅಪ್ಪ ಅಮ್ಮಂದಿರಿಗೆ ಇವತ್ತಿನ ಸಂಚಿಕೆ. ವಿಷಯ ಬಿ.ಆರ್ಕ್, ಅಂದ್ರೆ ಬ್ಯಾಚುಲರ್ ಆಫ್ ಆರ್ಕಿಟೆಕ್ಚರ್. ನಾನು ಈ ಕೋರ್ಸ್ ಓದಿ, ಈಗ ಬೆಂಗಳೂರಿನ ಒಂದು ಚಿಕ್ಕ ಆರ್ಕಿಟೆಕ್ಟ್ ಆಫೀಸ್‌ನಲ್ಲಿ ಕೆಲಸ ಮಾಡ್ತಿದೀನಿ. ಹಾಗಾಗಿ ಬ್ರೋಷರ್‌ನಲ್ಲಿ ಬರೆದಿರೋದಕ್ಕಿಂತ, ಒಳಗೆ ಕೂತು ನೋಡಿದ್ದನ್ನ ಹೇಳ್ತೀನಿ.

ಈ ಕೋರ್ಸ್‌ಗೆ ಬರೋರಲ್ಲಿ ಅರ್ಧ ಜನ ಒಂದೇ ಮಾತು ಕೇಳಿ ಬಂದಿರ್ತಾರೆ: "ನೀನು ಚಿತ್ರ ಚೆನ್ನಾಗಿ ಬರೀತೀಯ, ಮ್ಯಾಥ್ಸೂ ಪರವಾಗಿಲ್ಲ, ಆರ್ಕಿಟೆಕ್ಚರ್ ತಗೋ." ಈ ಸಲಹೆ ಪೂರ್ತಿ ಸುಳ್ಳಲ್ಲ. ಆದ್ರೆ ಇದನ್ನೊಂದನ್ನೇ ನಂಬಿ ಐದು ವರ್ಷ, ಅದರ ಜೊತೆ ಮನೆಯವರ ದುಡ್ಡು ಹಾಕಿದ್ರೆ ಮೊದಲ ಸೆಮಿಸ್ಟರ್‌ನಲ್ಲೇ ಗೊಂದಲ ಶುರುವಾಗುತ್ತೆ. ಯಾಕಂದ್ರೆ ಇಲ್ಲಿ ಚಿತ್ರ ಅನ್ನೋದು ಬರೀ ಭಾಷೆ. ಆ ಭಾಷೆಯಲ್ಲಿ ಏನು ಹೇಳ್ಬೇಕು ಅನ್ನೋದೇ ಕೋರ್ಸು.

ಸಿವಿಲ್ ಇಂಜಿನಿಯರಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ನಾನು ಆರ್ಕಿಟೆಕ್ಟ್ ಅಂದ ತಕ್ಷಣ ಮದುವೆಮನೆಯಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಒಂದು, "ಅಂದ್ರೆ ಸಿವಿಲ್ಲಾ?" ಇನ್ನೊಂದು, "ಹಾಗಾದ್ರೆ ವಾಸ್ತು ನೋಡ್ತೀರಾ?"

ಸಿಂಪಲ್ಲಾಗಿ ಹೇಳೋದಾದ್ರೆ, ಕಟ್ಟಡ ಬೀಳದ ಹಾಗೆ ನಿಲ್ಲೋಕೆ ಕಂಬ ಎಷ್ಟು ದಪ್ಪ ಇರ್ಬೇಕು, ಒಳಗೆ ಕಬ್ಬಿಣ ಎಷ್ಟು ಹಾಕ್ಬೇಕು ಅನ್ನೋ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರ್‌ದು. ಆ ಕಟ್ಟಡದಲ್ಲಿ ಯಾರು ಇರ್ತಾರೆ, ಹೇಗೆ ಓಡಾಡ್ತಾರೆ, ಬೆಳಕು ಗಾಳಿ ಎಲ್ಲಿಂದ ಬರುತ್ತೆ, ಯಾವ ಕೋಣೆ ಯಾವುದರ ಪಕ್ಕ ಇರ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಆರ್ಕಿಟೆಕ್ಟ್ ಕೆಲಸ. ಇಬ್ಬರೂ ಒಬ್ಬರಿಗೊಬ್ಬರು ಬೇಕೇಬೇಕು. ಇನ್ನು ವಾಸ್ತು ಕೋರ್ಸ್‌ನ ಮುಖ್ಯ ಪಾಠ ಅಲ್ಲ. ಆದ್ರೆ ಮನೆ ಕಟ್ಟಿಸೋರು ಅದನ್ನ ಕೇಳೇ ಕೇಳ್ತಾರೆ, ಕೆಲಸಕ್ಕೆ ಸೇರಿದ ಮೇಲೆ ಅದ್ರ ಜೊತೆ ಹೊಂದ್ಕೊಂಡು ಹೋಗೋದು ಕಲೀತೀರ.

ಕೋರ್ಸ್ ಐದು ವರ್ಷ, ಹತ್ತು ಸೆಮಿಸ್ಟರ್. ಇದನ್ನ ನೋಡ್ಕೊಳ್ಳೋದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಅಡಿಯಲ್ಲಿ ಬಂದ ಸಂಸ್ಥೆ ಅದು. ಡಿಗ್ರಿ ಮುಗಿದ ಮೇಲೆ ಅಲ್ಲಿ ನೋಂದಣಿ ಮಾಡಿಸ್ಕೊಂಡ್ರೆ ಮಾತ್ರ ನೀವು ಆರ್ಕಿಟೆಕ್ಟ್ ಅಂತ ಕರ್ಕೊಳ್ಳಬಹುದು. ಹಾಗಾಗಿ ಸೇರೋ ಮುಂಚೆ ಮಾಡ್ಲೇಬೇಕಾದ ಒಂದು ಕೆಲಸ ಇದೆ. ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯಾ, ನೀವು ಸೇರೋ ವರ್ಷಕ್ಕೆ ಅದು ಚಾಲ್ತಿಯಲ್ಲಿದೆಯಾ ಅಂತ ಕೌನ್ಸಿಲ್ ವೆಬ್‌ಸೈಟ್‌ನಲ್ಲೇ ನೋಡ್ಕೊಳ್ಳಿ. ಕಟ್ಟಡ ಎಷ್ಟೇ ಚೆನ್ನಾಗಿದ್ರೂ, ಮಾನ್ಯತೆ ಇಲ್ಲದ ಕಡೆ ಓದಿದ್ರೆ ಕೊನೆಗೆ ನೋಂದಣಿ ಹತ್ರ ಬಂದು ನಿಂತ್ಕೋತೀರ.

ಸ್ಟುಡಿಯೋ ಅಂದ್ರೇನು? ಒಂದು ಮೆಟ್ಟಿಲಿನ ಲೆಕ್ಕ

ಇಡೀ ಕೋರ್ಸ್‌ನ ಬೆನ್ನೆಲುಬು ಡಿಸೈನ್ ಸ್ಟುಡಿಯೋ. ಪ್ರತಿ ಸೆಮಿಸ್ಟರ್ ಇರುತ್ತೆ. ಒಂದು ಸಮಸ್ಯೆ ಕೊಡ್ತಾರೆ: ಮೊದಲು ಬಸ್ ಸ್ಟಾಪೋ, ಚಿಕ್ಕ ಅಂಗಡಿಯೋ, ಆಮೇಲೆ ಮನೆ, ಶಾಲೆ, ಹಾಸ್ಟೆಲ್, ಆಸ್ಪತ್ರೆ, ಹೀಗೆ ದೊಡ್ಡದಾಗ್ತಾ ಹೋಗುತ್ತೆ. ನೀವು ಯೋಚನೆ ಮಾಡಿ ಬಟರ್ ಪೇಪರ್ ಮೇಲೆ ಗೀಚ್ತೀರ, ಮೇಷ್ಟ್ರು ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ತಿದ್ದುತ್ತಾರೆ, ನೀವು ಮತ್ತೆ ಮಾಡ್ತೀರ. ಒಂದೇ ಡಿಸೈನ್ ಹತ್ತು ಹದಿನೈದು ಸಲ ಬದಲಾಗೋದು ಮಾಮೂಲಿ.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋಕೆ ಒಂದು ಉದಾಹರಣೆ ತಗೊಳ್ಳೋಣ. ಎಲ್ಲರಿಗೂ ಗೊತ್ತಿರೋ ಮೂವತ್ತು-ನಲವತ್ತು ಸೈಟು. 1200 ಚದರ ಅಡಿ. ಅದರಲ್ಲಿ ಸುತ್ತ ಬಿಡ್ಬೇಕಾದ ಜಾಗ ಬಿಟ್ಟು, ಎರಡು ಅಂತಸ್ತಿನ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಈಗ ಮೆಟ್ಟಿಲು ಎಲ್ಲಿ, ಹೇಗೆ?

ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 3000 ಮಿಲಿಮೀಟರ್, ಅಂದ್ರೆ ಹತ್ತಿರ ಹತ್ತಿರ 10 ಅಡಿ ಅಂತ ಇಟ್ಕೊಳ್ಳಿ. ಹತ್ತೋಕೆ ಆರಾಮಾಗಿರೋ ಮೆಟ್ಟಿಲು ಅಂದ್ರೆ ಎತ್ತರ 150 ಮಿಲಿಮೀಟರ್, ಕಾಲಿಡೋ ಜಾಗ 300 ಮಿಲಿಮೀಟರ್. 3000ವನ್ನ 150ರಿಂದ ಭಾಗಿಸಿದ್ರೆ 20 ಮೆಟ್ಟಿಲು. ಮಧ್ಯೆ ತಿರುಗೋ ಮೆಟ್ಟಿಲು ಮಾಡಿದ್ರೆ ಒಂದೊಂದು ಕಡೆ 10. ಅಗಲ 1 ಮೀಟರ್ ಇಟ್ಟು, ತಿರುಗೋ ಲ್ಯಾಂಡಿಂಗ್ ಸೇರಿಸಿದ್ರೆ ಉದ್ದ 3.7 ಮೀಟರ್, ಒಟ್ಟು ಅಗಲ 2 ಮೀಟರ್. ಅಂದ್ರೆ ಸುಮಾರು 80 ಚದರ ಅಡಿ. 8×10ರ ಒಂದು ಚಿಕ್ಕ ಕೋಣೆಯಷ್ಟು ಜಾಗ ಮೆಟ್ಟಿಲಿಗೇ ಹೋಯ್ತು!

ಮನೆ ಕಟ್ಟಿಸೋರು ತಕ್ಷಣ ಹೇಳ್ತಾರೆ, "ಅಷ್ಟೊಂದು ಜಾಗ ಯಾಕ್ರೀ, ಸ್ವಲ್ಪ ಕಡಿಮೆ ಮಾಡಿ." ಸರಿ, ಮಾಡೋಣ. ಒಂದು ಮೆಟ್ಟಿಲಿನ ಎತ್ತರ 187.5, ಕಾಲಿಡೋ ಜಾಗ 250. ಈಗ 16 ಮೆಟ್ಟಿಲು ಸಾಕು. ಜಾಗ ಸುಮಾರು 59 ಚದರ ಅಡಿಗೆ ಇಳೀತು. 20 ಚದರ ಅಡಿ ಉಳೀತು.

ಇದು ನಿಯಮದ ಪ್ರಕಾರ ಸರಿಯಾ? ಸರಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 ವಾಸದ ಮನೆಗೆ ಮೆಟ್ಟಿಲಿನ ಎತ್ತರ 190ರವರೆಗೆ ಇರಬಹುದು, ಕಾಲಿಡೋ ಜಾಗ 250ಕ್ಕಿಂತ ಕಡಿಮೆ ಇರಬಾರದು ಅನ್ನುತ್ತೆ. ಎತ್ತರದ ಎರಡರಷ್ಟಕ್ಕೆ ಕಾಲಿಡೋ ಜಾಗ ಕೂಡಿಸಿದ್ರೆ 600ರ ಆಸುಪಾಸು ಬರ್ಬೇಕು ಅನ್ನೋ ಹಳೇ ಸೂತ್ರನೂ ಇದೆ. ಮೊದಲ ಮೆಟ್ಟಿಲಿಗೆ 600 ಬರುತ್ತೆ, ಎರಡನೇದಕ್ಕೆ 625. ಎರಡೂ ಪಾಸು.

ಆದ್ರೆ ಅಜ್ಜಿಯ ಮಂಡಿ ಯಾವ ಕೋಡನ್ನೂ ಓದಿಲ್ಲ. ದಿನಕ್ಕೆ ನಾಲ್ಕು ಸಲ ಮೇಲೆ ದೇವರಮನೆಗೆ ಹೋಗ್ಬೇಕು ಅಂದ್ರೆ ಆ ಎರಡನೇ ಮೆಟ್ಟಿಲು ಅವರಿಗೆ ಪ್ರತಿದಿನದ ಶಿಕ್ಷೆ. ಹಾಗಾದ್ರೆ ಮೊದಲನೇದೇ ಸರಿನಾ? ತಡೀರಿ. ಆ ಉಳಿದ 20 ಚದರ ಅಡಿ ಅಂದ್ರೆ 4×5ರ ಒಂದು ಟಾಯ್ಲೆಟ್. ಅದು ಕೆಳಗೇ ಬಂದು, ಅಜ್ಜಿಯ ರೂಮು ಮತ್ತು ದೇವರಮನೆ ಎರಡೂ ಕೆಳಗೆ ಇಳಿದ್ರೆ, ಅವರು ಮೆಟ್ಟಿಲು ಹತ್ತೋ ಅವಶ್ಯಕತೆನೇ ಇಲ್ಲ. ಆದ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಅಪ್ಪ ಅಮ್ಮನಿಗೂ ವಯಸ್ಸಾಗುತ್ತೆ, ಅವರ ರೂಮು ಮೇಲಿದೆ. ಆಗ?

ನೋಡಿ, ಲೆಕ್ಕ ಮಾಡೋಕೆ ಎರಡು ನಿಮಿಷ ಸಾಕು. ತೀರ್ಮಾನ ಮಾಡೋಕೆ ಆ ಮನೆಯವರನ್ನ ಅರ್ಥ ಮಾಡ್ಕೋಬೇಕು. ಬೇರೆಯವರ ದೇಹ, ದುಡ್ಡು, ದಿನಚರಿ ಮೂರನ್ನೂ ತೂಗಿ ಒಂದು ತೀರ್ಮಾನಕ್ಕೆ ಬಂದು, "ಯಾಕೆ ಹೀಗೆ ಮಾಡ್ದೆ" ಅಂತ ಕೇಳಿದ್ರೆ ಉತ್ತರ ಕೊಡೋಕೆ ಕಲಿಯೋದು, ಬಿ.ಆರ್ಕ್ ಅಂದ್ರೆ ನನ್ನ ಪ್ರಕಾರ ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಬೇಕಾದ ಸಾಮಾನು.

ಆ ಸಾಮಾನುಗಳು ಯಾವುವು?

ಬಿಲ್ಡಿಂಗ್ ಕನ್‌ಸ್ಟ್ರಕ್ಷನ್, ಮೆಟೀರಿಯಲ್ಸ್, ಸ್ಟ್ರಕ್ಚರ್ಸ್, ಇತಿಹಾಸ, ನೀರು-ವಿದ್ಯುತ್ ಸರ್ವೀಸಸ್, ಎಸ್ಟಿಮೇಷನ್, ನಗರ ಯೋಜನೆ, ಲ್ಯಾಂಡ್‌ಸ್ಕೇಪ್, ಹೀಗೆ ಪಟ್ಟಿ ಉದ್ದ ಇದೆ. ಅದರಲ್ಲಿ ನನಗೆ ಬಹಳ ಇಷ್ಟ ಆಗಿದ್ದು ಕ್ಲೈಮಟಾಲಜಿ, ಅಂದ್ರೆ ಹವಾಮಾನಕ್ಕೆ ತಕ್ಕ ಹಾಗೆ ಕಟ್ಟೋದು.

ಒಂದು ಸಣ್ಣ ಪಾಠ ಇಲ್ಲೇ ಹೇಳ್ತೀನಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿ ಇರ್ತಾನೆ. ದಕ್ಷಿಣದ ಕಿಟಕಿ ಮೇಲೆ 2 ಅಡಿ ಸಜ್ಜಾ ಇದ್ರೆ ಅದರ ನೆರಳು ಎರಡೂವರೆ ಅಡಿಗಿಂತ ಜಾಸ್ತಿ ಕೆಳಗೆ ಬರುತ್ತೆ, ಕಿಟಕಿಯ ಬಹುಪಾಲು ತಂಪು. ಅದೇ ಸಜ್ಜಾ ಪಶ್ಚಿಮದ ಕಿಟಕಿಗೆ ಹಾಕಿ. ಮಾರ್ಚ್ ಸಂಜೆ 5 ಗಂಟೆಗೆ ಸೂರ್ಯ ಬರೀ 20 ಡಿಗ್ರಿ ಮೇಲಿರ್ತಾನೆ, ನೆರಳು ಮುಕ್ಕಾಲು ಅಡಿ ಕೂಡ ಸರಿಯಾಗಿ ಬರಲ್ಲ. ಬಿಸಿಲು ನೇರ ಒಳಗೆ. ಪಶ್ಚಿಮದ ಬೆಡ್‌ರೂಮಿನಲ್ಲಿ ರಾತ್ರಿ ಹತ್ತಾದ್ರೂ ಸೆಕೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಅಲ್ಲಿ ಸಜ್ಜಾಕ್ಕಿಂತ ಮರ, ಜಾಲಿ, ಇಲ್ಲ ಅಂದ್ರೆ ಬಾತ್‌ರೂಮ್, ಮೆಟ್ಟಿಲಿನಂಥ ಜಾಗ ಇಡೋದು ಜಾಣತನ.

ಈ ವಿಷಯಕ್ಕೆ ನಮ್ಮೂರಿನ ಒಂದು ನಂಟೂ ಇದೆ. ನಮ್ಮಲ್ಲಿ ಕ್ಲೈಮಟಾಲಜಿ ಓದೋರ ಕೈಗೆ ಬರೋ ಹೆಸರುವಾಸಿ ಪುಸ್ತಕ ಬರೆದವರಲ್ಲಿ ಒಬ್ಬರು ಆಟ್ಟೋ ಕೋನಿಗ್ಸ್‌ಬರ್ಗರ್. ಹಿಟ್ಲರ್ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ ಆರ್ಕಿಟೆಕ್ಟ್. 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ್ರು. ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ಅವರು ಮಾಡಿದ ಕಟ್ಟಡಗಳಿವೆ. ಬಿಸಿಲು, ಮಳೆ, ಗಾಳಿ ನೋಡ್ಕೊಂಡು ಕಟ್ಟೋದನ್ನ ಇಲ್ಲಿ ಕೆಲಸ ಮಾಡ್ತಾನೇ ಅವರು ಪಳಗಿಸ್ಕೊಂಡ್ರು. ಇನ್ನು ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ಬಿ.ವಿ. ದೋಶಿ ಅವರ ಕೆಲಸ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಅಲ್ಲಿನ ಕಲ್ಲಿನ ಗೋಡೆ, ಮೇಲೆ ಅರ್ಧ ತೆರೆದಿರೋ ಕಾರಿಡಾರ್‌ಗಳಲ್ಲಿ ಬಿಸಿಲು-ನೆರಳು ಹೇಗೆ ಬದಲಾಗುತ್ತೆ ಅಂತ ನೋಡೋದೇ ಒಂದು ಪಾಠ.

ಇನ್ನೊಂದು ಕಲಿಕೆ ಊರೂರು ಸುತ್ತಿ ಆಗುತ್ತೆ. ಹಳೇ ಮನೆಗಳನ್ನ ಟೇಪ್ ಹಿಡಿದು ಅಳೆದು, ಪ್ಲಾನ್ ಬರೆಯೋದು. ಮಲೆನಾಡಿನ ತೊಟ್ಟಿ ಮನೆ, ದಕ್ಷಿಣ ಕನ್ನಡದ ಗುತ್ತಿನ ಮನೆ, ಕೊಡಗಿನ ಐನ್‌ಮನೆ, ಉತ್ತರ ಕರ್ನಾಟಕದ ದಪ್ಪ ಮಣ್ಣಿನ ಗೋಡೆ, ಮಾಳಿಗೆ, ಬೆಳಕಿಂಡಿ ಇರೋ ಮನೆ. ಎಲ್ಲಿ ಮಳೆ ಜಾಸ್ತಿಯೋ ಅಲ್ಲಿ ಇಳಿಜಾರು ಹೆಂಚಿನ ಮಾಡು, ಎಲ್ಲಿ ಬಿಸಿಲು ಜಾಸ್ತಿಯೋ ಅಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ. ಅಳೆಯೋವಾಗ ಆ ಮನೆಯ ಹಿರಿಯರು ಕಾಫಿ ಕೊಟ್ಟು ಕಥೆ ಹೇಳ್ತಾರೆ, ಅದೂ ನೋಟ್‌ಬುಕ್ಕಿಗೆ ಹೋಗುತ್ತೆ.

ಕನ್ನಡ ಮೀಡಿಯಂನಿಂದ ಬರೋರಿಗೆ ಒಂದು ಮಾತು. ಪಾಠ ಇಂಗ್ಲಿಷ್‌ನಲ್ಲೇ ಇರುತ್ತೆ, ಮೊದಲ ವರ್ಷ ಸ್ವಲ್ಪ ಕಷ್ಟನೇ. ಆದ್ರೆ ಕಟ್ಟಡ ಏಳೋದು ಸೈಟ್‌ನಲ್ಲಿ, ಗಾರೆ ಮೇಸ್ತ್ರಿ ಜೊತೆ. ಪಾಯ, ಸೆಂಟ್ರಿಂಗ್, ರಸಮಟ್ಟ, ಮೂಲೆಮಟ್ಟ, ತೂಕದ ಗುಂಡು ಅನ್ನೋ ಮಾತುಗಳು ನಿಮಗೆ ಮೊದಲೇ ಗೊತ್ತಿದ್ರೆ, ಇಂಗ್ಲಿಷ್ ಮಾತ್ರ ಬರೋ ಗೆಳೆಯರಿಗಿಂತ ಸೈಟ್‌ನಲ್ಲಿ ನೀವೇ ಮುಂದೆ.

ಜ್ಯೂರಿ, ನಿದ್ದೆ, ಮನಸ್ಸು

ಸೆಮಿಸ್ಟರ್ ಕೊನೆಯಲ್ಲಿ ಜ್ಯೂರಿ. ಗೋಡೆ ಮೇಲೆ ಶೀಟ್‌ಗಳನ್ನ ಪಿನ್ ಮಾಡಿ, ಮುಂದೆ ಮಾಡೆಲ್ ಇಟ್ಟು, ಹೊರಗಿಂದ ಬಂದ ಆರ್ಕಿಟೆಕ್ಟ್‌ಗಳ ಮುಂದೆ ನಿಂತು ಮಾತಾಡ್ಬೇಕು. ಪ್ರಶ್ನೆಗಳು ಹೇಗಿರ್ತವೆ ಅಂದ್ರೆ, "ಒಗೆದ ಬಟ್ಟೆ ಎಲ್ಲಿ ಒಣಗಿಸ್ತಾರೆ?" "ಗ್ಯಾಸ್ ಸಿಲಿಂಡರ್ ಯಾವ ದಾರಿಯಲ್ಲಿ ಬರುತ್ತೆ?" "ವೀಲ್‌ಚೇರ್‌ನಲ್ಲಿ ಬಂದವರು ಈ ಬಾಗಿಲ ತನಕ ಹೇಗೆ ಬರ್ತಾರೆ?" ಕಂಪ್ಯೂಟರ್‌ನಲ್ಲಿ ಎಷ್ಟೇ ಚಂದದ ಚಿತ್ರ ತೆಗೆದಿದ್ರೂ ಈ ಪ್ರಶ್ನೆಗಳಿಗೆ ಅದು ಉತ್ತರ ಕೊಡಲ್ಲ.

ಒಳ್ಳೆ ಜ್ಯೂರಿ ಒಂದು ಗಂಟೆಯಲ್ಲಿ ಒಂದು ಸೆಮಿಸ್ಟರ್‌ನಷ್ಟು ಕಲಿಸುತ್ತೆ. ಕೆಟ್ಟ ಜ್ಯೂರಿನೂ ಇರುತ್ತೆ: ಡಿಸೈನ್ ಬಿಟ್ಟು ಹುಡುಗನ ಇಂಗ್ಲಿಷ್, ಹುಡುಗಿಯ ಬಟ್ಟೆ, ಊರು ಇದರ ಬಗ್ಗೆ ಮಾತಾಡೋರು. ಎಲ್ಲರ ಮುಂದೆ ಅವಮಾನ ಮಾಡಿದ್ರೇನೇ ಗಟ್ಟಿ ಆಗ್ತಾರೆ ಅನ್ನೋ ನಂಬಿಕೆ ಇನ್ನೂ ಕೆಲವು ಕಡೆ ಉಳಿದಿದೆ. ನಾನು ಅದನ್ನ ಒಪ್ಪಲ್ಲ. ಟೀಕೆ ಶೀಟಿನ ಮೇಲೆ ಇದ್ರೆ ಬರ್ಕೊಳ್ಳಿ. ನಿಮ್ಮ ಮೇಲೆ ಇದ್ರೆ ಅಲ್ಲೇ ಬಿಟ್ಟು, ಬೇಕಿದ್ರೆ ನಂಬಿಕೆಯ ಮೇಷ್ಟ್ರ ಹತ್ರ ಹೇಳಿ.

ನಿದ್ದೆಗೆಟ್ಟು ಕೆಲಸ ಮಾಡೋದು ಈ ಕೋರ್ಸ್‌ನ ಹೆಮ್ಮೆಯ ಬ್ಯಾಡ್ಜ್ ಅನ್ನೋ ಹಾಗೆ ಆಗಿದೆ. ಕೆಲಸ ಜಾಸ್ತಿ ಇರೋದು ನಿಜ. ಆದ್ರೆ ಬೆಳಗಿನ ಜಾವ ನಾಲ್ಕಕ್ಕೆ ಕಟರ್ ಹಿಡಿದು ಮೌಂಟ್‌ಬೋರ್ಡ್ ಕತ್ತರಿಸಿದ್ರೆ ಬೆರಳು ಹೋಗುತ್ತೆ, ತಲೆನೂ ಓಡಲ್ಲ. ನಾನು ಕಂಡ ಹಾಗೆ ಕೆಲಸ ಕೊನೇ ರಾತ್ರಿಗೆ ಬೀಳೋಕೆ ದೊಡ್ಡ ಕಾರಣ ಡಿಸೈನ್ ನಿಲ್ಲಿಸದೇ ಇರೋದು. ಜ್ಯೂರಿಗೆ ಒಂದು ವಾರ ಇರೋವಾಗ ಡಿಸೈನ್ ಬದಲಾಯಿಸೋದು ನಿಲ್ಲಿಸಿ, ಬರೆಯೋಕೆ ಶುರು ಮಾಡೋರು ಮಲಗ್ತಾರೆ.

ದುಡ್ಡಿನ ವಿಷಯ ನೇರವಾಗಿ

ಫೀಸು ಕಾಲೇಜಿನಿಂದ ಕಾಲೇಜಿಗೆ ತುಂಬ ಬೇರೆ. ಅದರ ಹೊರಗಿನ ಖರ್ಚು ಯಾರೂ ಮೊದಲೇ ಹೇಳಲ್ಲ. ಎ1 ಸೈಜಿನ ಶೀಟ್, ಡ್ರಾಫ್ಟಿಂಗ್ ಸಾಮಾನು, ಮಾಡೆಲ್‌ಗೆ ಬೋರ್ಡು, ಪ್ರತಿ ಸೆಮಿಸ್ಟರ್ ಪ್ರಿಂಟು, ಸ್ಟಡಿ ಟೂರು, ಎರಡನೇ ವರ್ಷದ ಹೊತ್ತಿಗೆ ಭಾರದ ಸಾಫ್ಟ್‌ವೇರ್ ತಡೆಯೋ ಲ್ಯಾಪ್‌ಟಾಪ್. ಮೊದಲ ವರ್ಷದಲ್ಲೇ ದುಬಾರಿ ಲ್ಯಾಪ್‌ಟಾಪ್ ಬೇಡ, ಕೈಯಲ್ಲಿ ಬರೆಯೋದೇ ಜಾಸ್ತಿ. ಸೀನಿಯರ್‌ಗಳ ಹತ್ರ ಹಳೇ ಡ್ರಾಫ್ಟರು, ಬೋರ್ಡು ಸಿಗುತ್ತೆ, ಕೇಳೋಕೆ ನಾಚ್ಕೋಬೇಡಿ.

ಕೋರ್ಸ್‌ನ ಕೊನೆಯ ಭಾಗದಲ್ಲಿ ಒಂದು ಆಫೀಸ್‌ನಲ್ಲಿ ಕಡ್ಡಾಯ ಟ್ರೈನಿಂಗ್ ಇರುತ್ತೆ. ಸ್ಟೈಪೆಂಡ್ ಕೆಲವು ಕಡೆ ಮರ್ಯಾದೆಗೆ ತಕ್ಕ ಹಾಗೆ, ಕೆಲವು ಕಡೆ ಬಸ್ ಚಾರ್ಜಿಗೂ ಸಾಲಲ್ಲ. ಸೇರೋ ಮುಂಚೆ ಎಷ್ಟು ಕೊಡ್ತಾರೆ, ಸೈಟಿಗೆ ಕಳಿಸ್ತಾರಾ ಅಂತ ಕೇಳಿ. ಆಮೇಲೆ ಕೊನೇ ಸೆಮಿಸ್ಟರ್‌ನಲ್ಲಿ ಥೀಸಿಸ್. ವಿಷಯ ನಿಮ್ಮದೇ, ಸೈಟ್ ನಿಮ್ಮದೇ, ಉತ್ತರದ ಜವಾಬ್ದಾರಿನೂ ನಿಮ್ಮದೇ.

ಡಿಗ್ರಿ ಮುಗಿದ ಮೇಲೆ ಮೊದಲ ಸಂಬಳ ಸಾಫ್ಟ್‌ವೇರ್ ಕಂಪನಿಗೆ ಹೋದ ಪಿಯುಸಿ ಗೆಳೆಯರದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತೆ, ಅದೂ ಅವರು ಓದು ಮುಗಿಸಿದ ಒಂದು ವರ್ಷ ಆದ ಮೇಲೆ. ಎಜುಕೇಷನ್ ಲೋನ್ ತಗೊಳ್ಳೋರು ಈ ಮಾತನ್ನ ಮನೆಯಲ್ಲಿ ಕೂತು ಲೆಕ್ಕ ಹಾಕ್ಲೇಬೇಕು. ಈ ಕೆಲಸದಲ್ಲಿ ಬೆಳವಣಿಗೆ ನಿಧಾನ. ಒಂದೊಂದು ಕಟ್ಟಡ ಮುಗಿಯೋಕೇ ಎರಡು ಮೂರು ವರ್ಷ ಹಿಡಿಯುತ್ತೆ, ಅನುಭವ ಅದೇ ವೇಗದಲ್ಲಿ ಬರುತ್ತೆ.

ಹಾಗಂತ ದಾರಿ ಒಂದೇ ಅಲ್ಲ. ಇಂಟೀರಿಯರ್, ಲ್ಯಾಂಡ್‌ಸ್ಕೇಪ್, ನಗರ ಯೋಜನೆ, ಹಳೇ ಕಟ್ಟಡಗಳ ಸಂರಕ್ಷಣೆ, ಸಿನಿಮಾ ಸೆಟ್, ಆ್ಯಪ್ ಮತ್ತು ಗೇಮ್ ಡಿಸೈನ್, ಎಲ್ಲ ಕಡೆ ಈ ಡಿಗ್ರಿ ಮಾಡಿದವರು ಇದಾರೆ. ಲೇಖಕಿ ಅರುಂಧತಿ ರಾಯ್ ಕೂಡ ಓದಿದ್ದು ದೆಹಲಿಯಲ್ಲಿ ಆರ್ಕಿಟೆಕ್ಚರ್‌ನೇ.

ಸೇರೋದು ಹೇಗೆ?

ಬೇಗ ಹೇಳಿ ಮುಗಿಸ್ತೀನಿ. ಪಿಯುಸಿಯಲ್ಲಿ ಮ್ಯಾಥ್ಸ್ ಇರ್ಲೇಬೇಕು, ಫಿಸಿಕ್ಸೂ ಬೇಕು. ಕೌನ್ಸಿಲ್ ನಡೆಸೋ ನಾಟಾ ಪರೀಕ್ಷೆ ಮುಖ್ಯ ದಾರಿ. ಒಟ್ಟು 200 ಅಂಕ, ಅದರಲ್ಲಿ ಚಿತ್ರ ಬರೆಯೋ ಭಾಗನೂ ಇದೆ. ಕರ್ನಾಟಕದಲ್ಲಿ ಕೆಇಎ ಮೂಲಕ ಸೀಟು ಬೇಕಂದ್ರೆ ರ‍್ಯಾಂಕ್‌ಗೆ ನಾಟಾ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಹಾಗಾಗಿ ನಾಟಾ ಕೋಚಿಂಗ್ ಅಂತ ಓಡಾಡಿ ಬೋರ್ಡ್ ಪರೀಕ್ಷೆ ಬಿಡಬೇಡಿ. ಕೆಇಎಯಲ್ಲಿ ಸಮಯಕ್ಕೆ ಅರ್ಜಿ ಹಾಕೋದು ಮರೀಬೇಡಿ.

ಎನ್‌ಐಟಿಗಳು, ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪೇಪರ್ ಬರೀಬೇಕು. ನಮ್ಮ ಸುರತ್ಕಲ್ ಎನ್‌ಐಟಿಯಲ್ಲಿ ಬಿ.ಆರ್ಕ್ ಇಲ್ಲ, ಹತ್ತಿರದವು ಅಂದ್ರೆ ಕ್ಯಾಲಿಕಟ್, ತಿರುಚಿರಾಪಳ್ಳಿ. ಖರಗ್‌ಪುರ, ರೂರ್ಕಿ, ವಾರಾಣಸಿ ಐಐಟಿಗಳಿಗೆ ಜೆಇಇ ಅಡ್ವಾನ್ಸ್ಡ್ ಆದ ಮೇಲೆ ಬೇರೆ ಆ್ಯಪ್ಟಿಟ್ಯೂಡ್ ಟೆಸ್ಟ್ ಇದೆ. ನಿಯಮಗಳು ವರ್ಷ ವರ್ಷ ಬದಲಾಗ್ತವೆ, ಆ ವರ್ಷದ ಬ್ರೋಷರ್ ಓದಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ನಿಮಗೆ ಇದು ಸರಿಹೋಗುತ್ತಾ? ಈ ಭಾನುವಾರ ಟೆಸ್ಟ್ ಮಾಡಿ

ಒಂದು ಟೇಪು, ಒಂದು ಎ4 ಹಾಳೆ, ಪೆನ್ಸಿಲ್ ಸಾಕು. ನಿಮ್ಮ ಮನೆಯನ್ನ ಅಳೆಯಿರಿ. 1 ಮೀಟರ್‌ಗೆ 2 ಸೆಂಟಿಮೀಟರ್ ಅಂತ ಪ್ಲಾನ್ ಬರೆಯಿರಿ. ಮೂವತ್ತು-ನಲವತ್ತರ ಇಡೀ ಸೈಟು ಈ ಅಳತೆಯಲ್ಲಿ ಎ4 ಹಾಳೆಗೆ ಸರಿಯಾಗಿ ಕೂರುತ್ತೆ. ಗೋಡೆಯ ದಪ್ಪ ಬಿಡಬೇಡಿ, ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಗುರುತು ಹಾಕಿ, ಮೆಟ್ಟಿಲಿದ್ರೆ ಅದರ ಎತ್ತರವನ್ನೂ ಅಳೆಯಿರಿ.

ಆಮೇಲೆ ಮನೆಯವರನ್ನ ಒಬ್ಬೊಬ್ಬರನ್ನೇ ಕೇಳಿ, "ಈ ಮನೆಯಲ್ಲಿ ನಿಮಗೆ ಎಲ್ಲಿ ಕಷ್ಟ ಆಗುತ್ತೆ?" ಅಮ್ಮ ಅಡುಗೆಮನೆಯ ಕಟ್ಟೆ ಎತ್ತರ ಅನ್ನಬಹುದು, ಅಜ್ಜಿ ಬಚ್ಚಲಿನ ಹೊಸ್ತಿಲು ಅನ್ನಬಹುದು, ತಮ್ಮ ಓದೋಕೆ ಜಾಗ ಇಲ್ಲ ಅನ್ನಬಹುದು. ಅದರಲ್ಲಿ ಒಂದನ್ನ ಆರಿಸ್ಕೊಂಡು, ಹಾಳೆ ಮೇಲೆ ಸರಿ ಮಾಡೋಕೆ ಪ್ರಯತ್ನ ಪಡಿ. ಒಂದನ್ನ ಸರಿ ಮಾಡೋಕೆ ಹೋದ್ರೆ ಇನ್ನೊಂದು ಕೆಡುತ್ತೆ, ನೋಡ್ತಿರಿ.

ಆಗ ನಿಮಗೆ ಬೇಜಾರಾಗಿ ಪೆನ್ಸಿಲ್ ಇಡೋಣ ಅನ್ನಿಸಿದ್ರೆ ಪರವಾಗಿಲ್ಲ, ಈ ಕೋರ್ಸ್ ಬಿಟ್ಟು ಬೇರೆ ನೂರು ಒಳ್ಳೆ ದಾರಿ ಇವೆ. "ತಡಿ, ಇನ್ನೊಂದು ಹಾಳೆ ತರ್ತೀನಿ" ಅನ್ನಿಸಿದ್ರೆ ಮನೆಯಲ್ಲಿ ದುಡ್ಡಿನ ಮಾತು ಮುಗಿಸಿ, ನಾಟಾ ಅರ್ಜಿ ಹಾಕೋಕೆ ರೆಡಿ ಆಗಿ. ಆ ಪ್ಲಾನ್‌ನ ಒಂದು ಫೋಟೋ ತೆಗೆದು ನಮಗೂ ಕಳ್ಸಿ, ಒಳ್ಳೊಳ್ಳೆ ಪ್ಲಾನ್‌ಗಳ ಬಗ್ಗೆ ಮುಂದೊಂದು ಸಂಚಿಕೆಯಲ್ಲಿ ಮಾತಾಡೋಣ. ಅಲ್ಲಿ ತನಕ ನಮಸ್ಕಾರ.